ಆಡಿನ ಹಾಲು, ಹಾಸನದ ಸೂಜಿ

ಆ ಬಾಗಿಲು ಒಸಿ ಮುಂದಕ್ಕೆ ತಳ್ಳಿ. ಚಿಲಕ ಬೇಡ, ಚಿಲಕ ಹಾಕಿದ್ರೆ ಬೀದಿಯೋರಿಗೆ ಅನುಮಾನ. ಹಿಂಗೆ ಹತ್ರ ಬನ್ನಿ. ನಾನು ಹೇಳ್ದೆ ಅಂತ ಎಲ್ಲೂ ಬಾಯಿ ಬಿಡಬಾರದು, ನಿಮ್ಮ ಮನೆದೇವರಾಣೆ. ನಾನೂ ಇದನ್ನ ಯಾರಿಗೂ ಹೇಳಿಲ್ಲ, ನಮ್ಮ ಬೀದಿಯೋರನ್ನ ಬಿಟ್ರೆ.

ಒಂದು ಮನೇಲಿ ಒಬ್ಬ ಕೆಮ್ಮಿದ್ರೆ ಸಾಕು, ಬೀದಿಗೆಲ್ಲಾ ವೈದ್ಯರು ಹುಟ್ಕೋತಾರೆ. ಹೊಳೆನರಸೀಪುರದಲ್ಲಿ ಅವತ್ತೂ ಹಂಗೇ ಇತ್ತು, ಇವತ್ತೂ ಹಂಗೇ ಐತೆ. ಸ್ವಾತಂತ್ರ್ಯ ಬಂದು ಹತ್ತು ವರ್ಷ ಆಗಿತ್ತೋ ಏನೋ, ಆಗ ಕೆಮ್ಮಿದ್ದು ನಮ್ಮ ಪಕ್ಕದ್ಮನೆ ಯಜಮಾನ. ಬಸ್ ಸ್ಟ್ಯಾಂಡಿನಲ್ಲಿ ಟಿಕೀಟು ಕೊಡೋ ಏಜೆಂಟು. 'ಅರಕಲಗೂಡು, ಅರಕಲಗೂಡು' ಅಂತ ಅವನು ಕೂಗಿದ್ರೆ ಹೊಳೆ ಆಚೆ ಕಡೆಯೋರು ಎದ್ದು ಪಂಚೆ ಕಟ್ಕೊಳ್ಳೋರು. ಅಂಥಾ ಗಂಟಲು. ಆ ಗಂಟಲಲ್ಲಿ ಒಂದಿನ ರಕ್ತ ಬಂತು.

ಮನೇಲಿ ಅವನು, ಅವನ ಹೆಂಡ್ತಿ, ಅವನ ತಾಯಿ, ಮೂರೇ ಜನ. ಕಾಯಿಲೆ ಹೆಸರು ಯಾರೂ ಎತ್ತಲಿಲ್ಲ. ಎತ್ತಿದ್ರೆ ನೀರು ಕೊಡೋರೂ ದೂರ ನಿಂತು ಚೊಂಬು ತಳ್ಳೋ ಕಾಲ. ಮುದುಕಿ ಅಂದ್ಲು: "ಚನ್ನರಾಯಪಟ್ಟಣದ ದಾರೀಲಿರೋ ಪಂಡಿತರನ್ನ ಕರೆಸ್ಬೇಕು." ಸೊಸೆ ಅಂದ್ಲು: "ಹಾಸನದ ಡಾಕ್ಟ್ರಿಗೆ ತೋರಿಸ್ಬೇಕು." ಏಜೆಂಟು ಅಂದ: "ಮೊದಲು ಕಾಫಿ ಕೊಡಿ."

ನಗ್ತಾ ಹೋದೋನು

ಗೆದ್ದಿದ್ದು ಮುದುಕಿ. ಅತ್ತೆ ಬದುಕಿರೋ ಮನೇಲಿ ಇನ್ಯಾರು ಗೆಲ್ತಾರೆ? ಸೊಸೆಯ ತಮ್ಮ ಕೊಣನೂರಲ್ಲಿ ಬೇಸಾಯ ಮಾಡ್ಕೊಂಡಿದ್ದ. ಭಾವನಿಗೆ ಹುಷಾರಿಲ್ಲ ಅಂತ ಗೊತ್ತಾಗ್ತಿದ್ದಂಗೇ ಎತ್ತು ಬಿಚ್ಚಿ, ಹಗ್ಗ ಕೈಯಲ್ಲೇ ಹಿಡ್ಕೊಂಡು ಬಸ್ ಹತ್ತಿದ್ದ. ಅವನನ್ನೇ ಪಂಡಿತರ ಹತ್ರ ಓಡಿಸಿದ್ರು.

ಆ ಪಂಡಿತರದ್ದೊಂದು ಶಾಸ್ತ್ರ. ರೋಗಿನ ಆಮೇಲೆ ನೋಡೋರು. ಮೊದಲು ನೋಡೋದು ಕರೆಯೋಕೆ ಬಂದೋನ್ನ. ಅವನು ಅಳ್ತಾ ಬಂದ್ನಾ, ತೆಂಕಲ ದಿಕ್ಕಲ್ಲಿ ನಿಂತ್ನಾ, ಕೈಯಲ್ಲಿ ಏನು ಹಿಡ್ದಿದ್ದಾನೆ, ಅದರ ಮೇಲೆ ರೋಗಿ ಉಳಿಯೋದು ಬಿಡೋದು ಹೇಳಿಬಿಡೋರು. ನಮ್ಮ ಕೊಣನೂರಿನೋನು ಅಳ್ತಾ ಹೋದ, ತೆಂಕಲಿಗೇ ನಿಂತ, ಕೈಯಲ್ಲಿ ಹಗ್ಗ.

ಪಂಡಿತರು ಎದ್ದು ಒಳಗೆ ಹೋದ್ರು. "ಹಗ್ಗ ಹಿಡ್ಕೊಂಡು ಬಂದವನ ಹಿಂದೆ ನಾನು ಬರೋದಿಲ್ಲ, ಹೋಗಪ್ಪಾ."

ಅವನು ವಾಪಸ್ ಬಂದು ಪಡಸಾಲೇಲಿ ಕುಸಿದು ಕೂತ. ಮುದುಕಿ ಅವನಿಗೆ ತಲೆಗೆ ನೀರು ಹಾಕಿಸಿ, ಮಗನ ಮದುವೆ ಪಂಚೆ ಉಡಿಸಿ, ಕಿವಿಗೆ ಹೂ ಸಿಕ್ಕಿಸಿ, ಕೈಗೆ ಬಾಳೆಹಣ್ಣು ಕೊಟ್ಟು ಹೇಳಿದ್ಲು: "ಈಗ ಹೋಗು. ನಗ್ತಾ ಹೋಗ್ಬೇಕು ಕಣ್ಲಾ."

"ನಗು ಬರಾಕಿಲ್ಲ ಕಣತ್ತೆ."

"ಹಲ್ಲಾದ್ರೂ ಬಿಡು."

ಅವನು ಹಲ್ಲು ಬಿಟ್ಕೊಂಡು ಹೋದ. ಜಗುಲಿ ಮೇಲಿದ್ದ ಪಂಡಿತರ ಹೆಂಡ್ತಿ ಆ ಹೂವು, ಆ ಹಣ್ಣು, ಆ ಹಲ್ಲು ಎಲ್ಲಾ ನೋಡಿ ಒಳಗೆ ಕೂಗಿದ್ರಂತೆ: "ಯಾರೋ ಲಗ್ನಪತ್ರಿಕೆ ತಂದವ್ರೆ ನೋಡಿ!"

ಗಡ್ಡದ ಸವತಿ

ಪಂಡಿತರು ಬಂದ್ರು. ಸುಳ್ಳು ಯಾಕೆ ಹೇಳಲಿ, ಒಳ್ಳೇ ಮನುಷ್ಯ. ಮಂಚದ ಪಕ್ಕ ಕೂತು ಕೈ ಹಿಡ್ಕೊಂಡೋರು ಬೆಳಗಿನ ಬಿಸಿಲು ಹಿತ್ತಲಿಗೆ ಹೋಗೋವರೆಗೂ ಬಿಡಲಿಲ್ಲ. ನಿದ್ದೆ ಹೆಂಗೆ, ಕನಸು ಏನು, ಮನಸ್ಸಿಗೆ ಏನು ಚಿಂತೆ, ಎಲ್ಲಾ ಕೇಳಿದ್ರು. ಏಜೆಂಟು ಹುಟ್ಟಿದಾಗಿಂದ ಯಾರಿಗೂ ಹೇಳದೇ ಇದ್ದಿದ್ದನ್ನೆಲ್ಲಾ ಅವರಿಗೆ ಹೇಳ್ದ. ನಾನು ಕಿಟಕಿ ಈಚೆ ಇದ್ದೆ, ಅರ್ಧ ಕೇಳಿಸಲಿಲ್ಲ.

ಆಮೇಲೆ ಪಥ್ಯ. ಬದನೆ ಬೇಡ, ಕುಂಬಳ ಬೇಡ, ಹುಳಿ ಬೇಡ, ಹಗಲು ನಿದ್ದೆ ಬೇಡ, ಕೋಪ ಬೇಡ. ಕೊನೇಲಿ ಪಂಡಿತರು ಗಂಟಲು ಸರಿ ಮಾಡ್ಕೊಂಡು, "ಹೆಂಡತಿ ಬೇರೆ ಕಡೆ ಮಲಗಬೇಕು. ಮಂಚದ ಹತ್ತಿರ ಒಂದು ಆಡು ಕಟ್ಟಬೇಕು. ಅದರ ಹಾಲು ಕುಡಿಯಬೇಕು, ಅದರ ಉಸಿರು ತಾಕಬೇಕು" ಅಂದ್ರು.

ಹಾಲಿಗೆ ಒಪ್ಪಬಹುದು. ಉಸಿರು? ಮುದುಕಿ ಸಂತೇಲಿ ಆಡು ತಂದೇಬಿಟ್ಲು, ಕಟ್ಟಿದ್ದೂ ನಡುಮನೇಲಿ. ಸೊಸೆ ಚಾಪೆ ಪಡಸಾಲೆಗೆ ಬಂತು. ಮಾರನೇ ದಿನ ಬಾವಿ ಕಟ್ಟೇಲಿ ನಾನು ಕೇಳ್ದೆ: "ಏನವ್ವಾ, ಹೆಂಗೈತೆ?"

ಅವಳಿಗೆ ಕಣ್ಣಲ್ಲಿ ನೀರು, ಬಾಯಲ್ಲಿ ನಗು. "ಎಲ್ಲಾರ ಮನೇಲೂ ಸವತಿ ಬಂದ್ರೆ ಕದ್ದು ಬತ್ತಾಳೆ ಕಣಕ್ಕಾ. ನಮ್ಮತ್ತೆ ಸಂತೆಯಿಂದಾನೇ ಹಗ್ಗ ಕಟ್ಟಿ ಕರ್ಕೊಂಡು ಬಂದವ್ರೆ. ಅದಕ್ಕೆ ಗಡ್ಡ ಬೇರೆ ಐತೆ."

ಇಸ್ತ್ರಿ ಅಂಗಿ

ಮುದುಕಿ ಗೋಡೆ ಮೇಲಿಂದ ಇಣುಕಿ ಕೇಳಿದಾಗ ನಾನು, "ಪಂಡಿತರ ಕೈಗುಣ ದೊಡ್ಡದು, ಬಿಡಬೇಡಿ" ಅಂದಿದ್ದೆ. ಸೊಸೆ ಬಾವಿ ಹತ್ರ ಕೇಳಿದಾಗ, "ಹಾಸನದಲ್ಲಿ ಏನೋ ಹೊಸಾ ಸೂಜಿ ಬಂದೈತಂತೆ, ಹೋಗ್ಬಾರೆ" ಅಂದಿದ್ದೆ. ಕೇಳ್ದೋರಿಗೆ ಕೇಳ್ದಂಗೆ ಹೇಳೋದು ನೆರೆಹೊರೆ ಧರ್ಮ.

ಅವಳು ಅತ್ತೆಗೆ ಗೊತ್ತಾಗದಂಗೆ ಗಂಡನ್ನ ಹಾಸನಕ್ಕೆ ಕಳಿಸಿದ್ಲು. ಬಸ್ ಏಜೆಂಟಿಗೆ ಟಿಕೀಟು ಯಾವ ಲೆಕ್ಕ? 'ಮಾಲೀಕರು ಕರೆದಿದ್ದಾರೆ' ಅಂತ ತಾಯಿಗೆ ಹೇಳೋದು, ಹೋಗೋದು. ಅಲ್ಲಿ ಡಾಕ್ಟ್ರು ಹೆಸರೂ ಕೇಳಲಿಲ್ಲವಂತೆ. ಎದೆಗೆ ಕೊಳವೆ ಇಟ್ಟೋರು ಮೂಗು ಮುಚ್ಕೊಂಡು, "ಆಡು ಸಾಕಿದ್ದೀಯೇನಯ್ಯಾ?" ಅಂದ್ರಂತೆ.

"ಇಲ್ಲ ಸಾ, ಅದೇ ನನ್ನ ಸಾಕ್ತಾ ಐತೆ."

ಡಾಕ್ಟ್ರು ನಗಲಿಲ್ಲ. ಸೂಜಿ ಚುಚ್ಚಿ, ಮಾತ್ರೆ ಕೊಟ್ಟು, "ಮೊಟ್ಟೆ ತಿನ್ನು, ಹಾಲು ಕುಡಿ, ಎಲ್ಲಾ ತಿನ್ನು. ನಾನು ಸಾಕು ಅನ್ನೋವರೆಗೆ ಸೂಜಿ ಬಿಡಬೇಡ. ನಡುವೆ ಬಿಟ್ರೆ ಆಮೇಲೆ ನನ್ನ ಕೈಲೂ ಆಗಲ್ಲ" ಅಂತ ಬೈದಂಗೆ ಹೇಳಿ ಮುಂದಿನೋನ್ನ ಕರೆದ್ರು.

ವಾರವಾರವೂ ಅವನು ಇಸ್ತ್ರಿ ಅಂಗಿ ಹಾಕ್ಕೊಂಡು ಹಾಸನದ ಬಸ್ ಹತ್ತೋನು. ಆಡಿನ ವಾಸನೆ ಮುಚ್ಚೋಕೆ ಹೆಂಡ್ತಿನೇ ಸೆಂಟು ಹಚ್ಚಿ ಕಳಿಸೋಳು. ಬೀದಿ ಬಿಡುತ್ತಾ? ಹಾಸನದಲ್ಲಿ ಒಬ್ಬಳನ್ನ ಇಟ್ಕೊಂಡವ್ನೆ ಅಂತ ಆಯ್ತು. ಮಾತು ಎಲ್ಲಿ ಹುಟ್ತೋ ನನಗೆ ಗೊತ್ತಿಲ್ಲ, ನನ್ನ ಹತ್ರ ಬರೋ ಹೊತ್ತಿಗೆ ಅವಳ ಸೀರೆ ಬಣ್ಣಾನೂ ಗೊತ್ತಾಗಿತ್ತು. ತಾಯಿಗೆ ತಿಳಿಸದೇ ಇರೋದು ಪಾಪ ಅಂತ ನಾನೇ ಹೋಗಿ ಮುದುಕಿ ಕಿವೀಲಿ ಹಾಕ್ದೆ. ಎದೆ ಬಡ್ಕೋತಾಳೆ ಅಂತ ನೀರಿನ ಚೊಂಬೂ ಹತ್ರ ಎಳ್ಕೊಂಡಿದ್ದೆ.

ಮುದುಕಿ ಮುಖ ಅರಳಿತು. "ನಿಜವಾ? ನನ್ನ ಮಗನಿಗೆ ಅಷ್ಟು ಶಕ್ತಿ ಬಂತಾ? ಪಂಡಿತರ ಔಷಧಿ ಅಂದ್ರೆ ಔಷಧಿ ಕಣೇ!"

ತಲೆಗೆ ನೀರು

ಅವನು ಚೇತರಿಸಿಕೊಂಡ. ಕೆನ್ನೆ ತುಂಬ್ತು, ಕೆಮ್ಮು ನಿಂತಿತು, ಬಸ್ ಸ್ಟ್ಯಾಂಡಿನಲ್ಲಿ ಮತ್ತೆ ಕೂಗು ಕೇಳಿಸ್ತು. ಆಡಿನಿಂದ ಅಂತ ಮುದುಕಿ. ಸೂಜಿಯಿಂದ ಅಂತ ಸೊಸೆ, ಆದರೆ ಬಾಯಿ ಬಿಟ್ಟು ಹೇಳೋ ಹಂಗಿಲ್ಲ.

ನಮ್ಮ ಕಡೆ ವಾಡಿಕೆ ಗೊತ್ತಲ್ಲ. ರೋಗ ಹೋಯ್ತು ಅಂದ್ರೆ ಎಣ್ಣೆ ಒತ್ತಿ ತಲೆಗೆ ನೀರು ಹಾಕೋದು. ಆ ನೀರು ಬಿತ್ತು ಅಂದ್ರೆ ಔಷಧಿ ಮುಗೀತು, ಪಥ್ಯ ಮುಗೀತು. ಮುದುಕಿ ದಿನ ನೋಡಿ, ಹಂಡೆ ಕಾಯಿಸಿ, ಬೀದಿಗೆಲ್ಲಾ ಊಟಕ್ಕೆ ಹೇಳಿದ್ಲು. ಸೊಸೆ ಹಂಡೆ ಒಲೆ ಮುಂದೆ ಕೂತು ಬೆಂಕಿ ಆರಿಸ್ತಾ ಇದ್ಲು. ಕಡೆಗೆ ಎಲ್ಲರ ಮುಂದೇನೇ ಎದ್ದು ನಿಂತ್ಲು.

"ಬೇಡ ಅತ್ತೆ. ಇನ್ನೂ ಸೂಜಿ ಬಾಕಿ ಐತೆ. ಹಾಸನದ ಡಾಕ್ಟ್ರು ಬಿಡಬೇಡ ಅಂದವ್ರೆ."

ಗುಟ್ಟು ಬಯಲಾಯ್ತು. ಮುದುಕಿ ಕೈಯಲ್ಲಿದ್ದ ಎಣ್ಣೆ ಬಟ್ಟಲು ಹಂಗೇ ನಿಂತಿತು. ನಾವೆಲ್ಲ ಇನ್ನೇನು ಜಗಳ ಹತ್ತುತ್ತೆ ಅಂತ ಸರಿದು ಕೂತ್ವಿ. ಹತ್ತಲಿಲ್ಲ. ಮುದುಕಿ ಮಗನ ಮುಖ ನೋಡಿ, "ನೀನೇ ಹೇಳಪ್ಪಾ, ಯಾರ ಔಷಧಿ ನಿಂಗೆ ಹಿಡೀತು?" ಅಂದ್ಲು.

ಅವನು ಮಣೆ ಮೇಲೆ ಕೂತಿದ್ದ. ಹೆಂಡ್ತಿ ಕಡೆ ನೋಡಲಿಲ್ಲ. "ಡಾಕ್ಟ್ರು ನನ್ನ ಎದೆ ನೋಡ್ತಾರೆ ಕಣವ್ವ. ಪಂಡಿತರು ನನ್ನ ಮುಖ ನೋಡ್ತಾರೆ" ಅಂದ. ಆಮೇಲೆ ಅವಳಿಗೆ: "ಹುಷಾರಾದ ಮೇಲೂ ಸೂಜಿ ಯಾಕೆ ಕಣೆ? ಉಂಡು ಕೈ ತೊಳೆದೋನಿಗೆ ಮತ್ತೆ ಎಲೆ ಹಾಕ್ತಾರಾ?"

ಎಲ್ಲರೂ ನಕ್ವಿ. ಮುದುಕಿ ನೀರು ಹುಯ್ದಳು. ಸೊಸೆ ಒಳಗೆ ಹೋಗಿ ನಮಗೆಲ್ಲ ಎಲೆ ಹಾಕಿದ್ಲು.

ಒಳ್ಳೇ ಶಕುನ

ಮುಂಗಾರಿಗೆ ಕೆಮ್ಮು ವಾಪಸ್ ಬಂತು. ಈ ಸಲ ಅವನು ಮಂಚದ ಮೇಲೆ ಗುಬ್ಬಚ್ಚಿ ಥರಾ ಆಗಿಹೋದ. ಕೊಣನೂರಿನ ಭಾಮೈದ ಮತ್ತೆ ಓಡಿ ಬಂದ. ಅವನಿಗೆ ಈಗ ಯಾರೂ ಏನೂ ಹೇಳಿಕೊಡಬೇಕಾಗಿರಲಿಲ್ಲ. ತಾನೇ ಸ್ನಾನ ಮಾಡ್ದ, ತಾನೇ ಹೂ ಸಿಕ್ಕಿಸಿಕೊಂಡ, ಹಣ್ಣು ಹಿಡ್ದ, ಪಂಡಿತರ ಮನೆ ಮುಂದೆ ಮೂಡಲ ದಿಕ್ಕು ಹುಡುಕಿ ನಿಂತ, ಕೆನ್ನೆ ನೋಯೋ ಹಂಗೆ ನಕ್ಕ.

ಪಂಡಿತರಿಗೆ ಸಂತೋಷ ಆಯ್ತು. "ಇಂಥ ಶುಭಲಕ್ಷಣ ನಾನು ನೋಡಿಲ್ಲ. ಅವಸರ ಏನಿಲ್ಲ, ಪಕ್ಕದೂರಲ್ಲಿ ಒಬ್ಬ ರೋಗಿ ಇದ್ದಾನೆ, ಅದು ಮುಗಿಸಿ ನಾಳಿದ್ದು ಬರ್ತೀನಿ, ಹೋಗು."

ನಾಳಿದ್ದು ಬಂದ್ರು. ಕೈ ಹಿಡಿದು ನೋಡಿದ್ರು, ಈ ಸಲ ಏನೂ ಕೇಳಲಿಲ್ಲ. ಬಾಗಿಲ ಹತ್ರ ನಿಂತಿದ್ದ ಭಾಮೈದನ ಕಡೆ ತಿರುಗಿ, "ನೀನು ಅಷ್ಟು ನಗ್ತಾ ಬಂದೆಯಲ್ಲಪ್ಪಾ" ಅಂದ್ರು.

"ಅಳ್ತಾ ಬಂದ್ರೆ ನೀವು ಬರಾಕಿಲ್ವಲ್ಲಾ ಸಾ."

ಪಂಡಿತರು ಚೀಲ ಬಿಚ್ಚಲಿಲ್ಲ. "ನನ್ನಿಂದ ಆಗೋದಿಲ್ಲ. ಈಗಲೇ ಹಾಸನಕ್ಕೆ ಕರ್ಕೊಂಡು ಹೋಗಿ" ಅಂತ ತಾವೇ ಒಂದು ಕಡೆ ಹೆಗಲು ಕೊಟ್ಟು ಬಸ್ಸಿಗೆ ಹತ್ತಿಸಿದ್ರು. ಡ್ರೈವರು ಯಾವ ಊರಲ್ಲೂ ನಿಲ್ಲಿಸಲಿಲ್ಲ. ಹಾಸನದ ಡಾಕ್ಟ್ರು ನೋಡಿ, "ಯಾರಯ್ಯಾ ಸೂಜಿ ನಿಲ್ಲಿಸಿದ್ದು?" ಅಂತ ಕಿರುಚಿದ್ರಂತೆ. ಅವತ್ತು ಅವರೂ ಮೊದಲನೇ ಸಲ ಹೆಸರು ಕೇಳಿದ್ರಂತೆ, ಬರ್ಕೊಳ್ಳೋಕೆ.

ಅವನನ್ನ ಅದೇ ಬಸ್ಸಿನಲ್ಲಿ ತಂದ್ರು. ಬಸ್ ಸ್ಟ್ಯಾಂಡಿನಲ್ಲಿ ಅವತ್ತು ಊರು ಕೂಗೋರೇ ಇರಲಿಲ್ಲ. ಅರಕಲಗೂಡಿಗೆ ಹೋಗಬೇಕಾಗಿದ್ದೋಳು ಒಬ್ಬಳು ಸುಮ್ಮನೆ ಹಾಸನದ ಬಸ್ಸಲ್ಲಿ ಹೋಗಿ ಕೂತಿದ್ಲು.

ಎರಡು ಚಾಪೆ

ಸತ್ತ ಮನೆಗೆ ಮಾತಾಡ್ಸೋಕೆ ಹೋಗ್ಲೇಬೇಕಲ್ಲ. ಬೀದಿ ಹೆಂಗಸರೆಲ್ಲಾ ಹೋದ್ವಿ. ಹತ್ತು ಮಾತು ಅಳೋಕೆ ಆಯ್ತು, ಆಮೇಲೆ ವಾದ ಶುರು ಆಯ್ತು. "ಪಂಡಿತರನ್ನ ಬಿಟ್ಟು ಸೂಜಿ ಚುಚ್ಚಿಸಿದ್ದೇ ಕೇಡು, ಮೈಯೆಲ್ಲಾ ಉಷ್ಣ" ಅಂತ ಒಬ್ಬಳು. "ಆಡು ಕಟ್ಕೊಂಡು ಮಲಗಿದ್ರೆ ಬದುಕ್ತಾರೇನೇ? ಸೂಜಿ ಬಿಟ್ಟಿದ್ದೇ ಕೇಡು" ಅಂತ ಇನ್ನೊಬ್ಬಳು. ದನಿ ಏರ್ತು. ಒಬ್ಬಳು ತೊಡೆ ತಟ್ಟಿದ್ಲು. ಮುದುಕಿ ಗೋಡೆಗೆ ಒರಗಿ ಎಲ್ಲರ ಬಾಯನ್ನೂ ನೋಡ್ತಿದ್ಲು, ಯಾರು ಹೇಳಿದ್ರೂ ಹೌದು ಅನ್ನೋ ಹಂಗೆ ತಲೆ ಆಡಿಸ್ತಿದ್ಲು.

ಸೊಸೆ ಎದ್ದು ಒಳಗೆ ಹೋದ್ಲು. ಎರಡು ಚಾಪೆ ತಂದು, ಒಂದನ್ನ ಈ ಗೋಡೆಗೆ, ಒಂದನ್ನ ಆ ಗೋಡೆಗೆ ಹಾಸಿದ್ಲು.

"ಪಂಡಿತರೇ ಸರಿ ಅನ್ನೋರು ಇಲ್ಲಿ ಕೂತ್ಕಳಿ. ಡಾಕ್ಟ್ರೇ ಸರಿ ಅನ್ನೋರು ಅಲ್ಲಿ ಕೂತ್ಕಳಿ. ಮದುವೇಲಿ ಗಂಡಿನ ಕಡೆ, ಹೆಣ್ಣಿನ ಕಡೆ ಅಂತ ಇರಾಕಿಲ್ವಾ, ಅಂಗೆ. ಮಾತಾಡಿ ಮುಗಿದ ಮೇಲೆ ಯೋಳಿ, ಗೆದ್ದೋರಿಗೆ ನಮ್ಮನೆ ಆಡು ಬಿಚ್ಚಿ ಕೊಡ್ತೀನಿ."

ಒಬ್ಬಳೂ ಅಲ್ಲಾಡಲಿಲ್ಲ. ತೊಡೆ ತಟ್ಟಿದೋಳು ಸೆರಗು ಬಾಯಿಗೆ ಇಟ್ಕೊಂಡ್ಲು. ಮುದುಕಿ ಕೈಯೂರಿ ಎದ್ಲು. ಈ ಚಾಪೆ ನೋಡಿದ್ಲು, ಆ ಚಾಪೆ ನೋಡಿದ್ಲು, ಎರಡರ ಮೇಲೂ ಕೂರದೆ ನಡುವೆ ಬರೀ ನೆಲದ ಮೇಲೆ ಸೊಸೆ ಪಕ್ಕ ಕೂತು ಅವಳ ಕೈ ಹಿಡ್ಕೊಂಡ್ಲು. ಸೊಸೆ ಬಿಡಿಸ್ಕೊಳ್ಳಲಿಲ್ಲ.

ಉಳಿದೋರು ಒಬ್ಬೊಬ್ಬರೇ ಸಿಕ್ಕಿದ ಕಡೆ ಕೂತ್ಕೊಂಡ್ರು. ಯಾವ ಚಾಪೆಗೆ ಹೋಗಲಿ ಅಂತ ನಾನೊಬ್ಬಳೇ ಬಾಗಿಲಲ್ಲಿ ನಿಂತಿದ್ದೆ. ಅವಳು ತಲೆ ಎತ್ತಿ, ನನ್ನ ಮುಖಕ್ಕೇ ಅಂದ್ಲು:

"ಅಕ್ಕಾ, ನಮ್ಮತ್ತೆ ಹತ್ರ ನೀನು ಪಂಡಿತರ ಕಡೆ, ನನ್ನ ಹತ್ರ ಡಾಕ್ಟ್ರ ಕಡೆ. ನಿಂಗೆ ಚಾಪೆ ಹಾಸಿಲ್ಲ. ಆ ಹೊಸ್ತಿಲ ಮೇಲೇ ಕೂತ್ಕ. ಒಳಗಿನ ಮಾತೂ ಕೇಳಿಸ್ತದೆ, ಬೀದಿಗೂ ಹತ್ರ ಆಗ್ತದೆ."