ಗದ್ದ ಹಿಡಿಯುವ ಸಾಹೇಬರು

ವಿಲಾಯತಿಯಿಂದ ಬಂದಿದ್ದ ಆ ಕೂಲಿಕಾರರ ಮುಖಂಡರಿಗೆ ಒಂದು ಚಟವಿತ್ತು: ಮಾತಾಡುವವರ ಗದ್ದ ಹಿಡಿಯುವುದು! ಗೋಕಾಕದ ಸಭೆಯಲ್ಲಿ ದುಭಾಷಿಯಾಗಿ ನಿಂತಿದ್ದ ನನ್ನ ಗದ್ದ ಹಿಡಿದು ತಮ್ಮ ಕಡೆ ತಿರುಗಿಸಿಕೊಂಡರು. ಅವರ ದೇಶದ ನಮಸ್ಕಾರ ಇದೇ ಇರಬೇಕೆಂದು ನಾನೂ ಅವರ ಗದ್ದ ಹಿಡಿದೆ. ಸಭೆಗೆ ಸಭೆಯೇ ನಕ್ಕಿತು!

ನಗದವನು ಮುಂದೆ ಕೂತಿದ್ದ ನಮ್ಮಪ್ಪ ಒಬ್ಬನೇ. ಸೊಲ್ಲಾಪುರದ ಗಿರಣಿಯ ಗದ್ದಲದಲ್ಲಿ ಮಗ್ಗ ನಡೆಸಿ, ಕಿವಿ ಅಲ್ಲೇ ಬಿಟ್ಟು ಬಂದವನು. ಮೊದಮೊದಲು ನಾವು ಅವನ ಕಿವಿಗೆ ಬಾಯಿ ಹಚ್ಚಿ ಒದರಿದೆವು. ಓಣಿಗೆಲ್ಲ ಕೇಳಿತು, ಅವನಿಗೆ ಕೇಳಲಿಲ್ಲ. ಆಮೇಲೆ ಮಾತಾಡುವುದನ್ನೇ ಬಿಟ್ಟೆವು. ಅಪ್ಪ ಮನೆಯಲ್ಲಿದ್ದೂ ಪರದೇಶಿಯಾದ.

ಸಾಹೇಬರು ಹತ್ತನೇ ವಯಸ್ಸಿಗೆ ಗಿರಣಿ ಸೇರಿ, ಮಗ್ಗ ನಡೆಸಿ, ಮುಷ್ಕರ ಹೂಡಿ ಕೆಲಸ ಕಳೆದುಕೊಂಡು, ಕೊನೆಗೆ ಸಂಘದ ಕಾರ್ಯದರ್ಶಿಯಾದರಂತೆ. ಅವರ ಭಾಷಣ ನನಗೆ ಸಪ್ಪೆ ಎನಿಸಿತು. ಒಂದು ಜೈಲು, ನಾಲ್ಕು ಲಾಠಿ ಏಟು, ಅಳುವ ಮುದುಕಿ ತಾಯಿ, ಇಷ್ಟನ್ನು ನನ್ನ ಕಡೆಯಿಂದ ಸೇರಿಸಿದೆ. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು.

"ಏ ತಮ್ಮಾ, ಸಾಹೇಬ್ರು ನಾಕ ಮಾತ ಆಡ್ಯಾರ, ನೀ ಪುರಾಣಾನ ಹಚ್ಚೀಯಲ್ಲೋ!" ಎಂದು ಹಿಂದಿನಿಂದ ಯಾರೋ ಕೂಗಿದರು.

ಊಟಕ್ಕೆ ಸಾಹೇಬರು ನಮ್ಮ ಮನೆಗೇ ಬಂದರು. ಅಪ್ಪ ಅವರನ್ನೇ ದಿಟ್ಟಿಸಿ, "ಇವ್ರಿಗೂ ಕಿವಿ ಕೇಳಂಗಿಲ್ಲ" ಎಂದ.

"ಸುಮ್ಕಿರಪಾ, ಮಾನ ಕಳೀಬ್ಯಾಡ!" ಎಂದೆ. ಯಾರಿಗೆ ಹೇಳಿದೆ, ಗೋಡೆಗೆ?

ಅಪ್ಪ ಸಾಹೇಬರ ಎದುರು ಕೂತು ಗಾಳಿಯಲ್ಲೇ ಲಾಳಿ ಎಸೆದ, ಕಡಿದ ಎಳೆ ಗಂಟು ಹಾಕಿದ, ಇಲ್ಲದ ಮೀಸೆ ತಿರುವಿ ಮೇಸ್ತ್ರಿ ಮುಕಾದಮ ಬಂದನೆಂದು ತೋರಿಸಿದ. ಸಾಹೇಬರು ರೊಟ್ಟಿ ಬಿಟ್ಟು ತಾವೂ ಮೀಸೆ ತಿರುವಿದರು! ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನನ್ನ ದುಭಾಷಿ ನೌಕರಿ ಅಲ್ಲಿಗೆ ಮುಗಿಯಿತು.

ಅಪ್ಪನ ಕಿವಿಗೆ ಒದರಿ ಸೋತ ಕತೆ ಹೇಳಿದೆ. ಸಾಹೇಬರು ನನಗೆ ತಿಳಿಸಿ ಹೇಳಿದರು: ಮಗ್ಗದವರು ಆ ಗದ್ದಲದಲ್ಲಿ ತುಟಿ ನೋಡಿಯೇ ಮಾತು ಹಿಡಿಯುತ್ತಾರೆ, ಕಿವುಡಾದ ತಾವು ಗದ್ದ ಹಿಡಿಯುವುದೂ ಅದಕ್ಕೇ, ಕಿವಿಗೆ ಒದರಿದರೆ ತುಟಿ ಕಾಣುವುದೆಲ್ಲಿ?

ಅಪ್ಪನ ಎದುರು ಕೂತು ಮೆಲ್ಲಗೆ ಕೇಳಿದೆ: "ಮುಂದ ಕುಂತ ಮಾತಾಡ್ರಿ ಅಂತ ಯಾಕ ಹೇಳಲಿಲ್ಲಪಾ?"

"ಹೇಳೇನಿ. ನೀವ ಎಲ್ಲಿ ಕೇಳಿದ್ರಿ?"

ಆಮೇಲೆ ನನ್ನ ತುಟಿಯನ್ನೇ ನೋಡುತ್ತ, "ನೀ ದೊಡ್ಡಾಂವ ಆದಮ್ಯಾಲ ನಿನ್ನ ದನಿ ಕೇಳೇ ಇಲ್ಲ ನಾ. ಹೆಂಗೈತೋ ಅದು?" ಎಂದ.

"ಅಗಸರ ಕತ್ತಿ ಒದರಿದಂಗ ಐತಿ."

"ಹಂಗಾರ ನಮ್ಮಪ್ಪನ ದನೀನ ಬಂದೈತಿ ಬಿಡು," ಎಂದು ಅಪ್ಪ ಕಣ್ಣೊರೆಸಿಕೊಂಡ.

ಏನಂದರು ಎಂದು ಸಾಹೇಬರು ಕೇಳಿದರು. ಒಂದು ಇಂಗ್ಲಿಷ್ ಶಬ್ದವೂ ಬಾಯಿಗೆ ಬರಲಿಲ್ಲ. ಬಗ್ಗಿ ಅವರ ಕಾಲು ಮುಟ್ಟಿದೆ.