ಟವೆಲ್ಲಿನ ಆಚೆ ಕಂಡದ್ದು

ಎಂಬತ್ತಾರನೇ ಇಸವಿಯಲ್ಲಿ ಪುರವರ ಎಂಬ ಊರಿನ ಆ ಬೀದಿಗೆಲ್ಲ ಇದ್ದದ್ದು ಒಂದೇ ಟೀವಿ, ಅದೂ ನಿವೃತ್ತ ಹೆಡ್‌ಮೇಷ್ಟ್ರು ಪರ್ವತಯ್ಯನವರ ಮನೆಯಲ್ಲಿ. ಭಾನುವಾರ ಸಂಜೆ ಹಿಂದಿ ಸಿನಿಮಾದ ಹೊತ್ತಿಗೆ ನಡುಮನೆಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಕುರಿಗಳನ್ನು ರೊಪ್ಪಕ್ಕೆ ಕೂಡಿ ಬಂದ ಭೀಮಕ್ಕನಿಂದ ಹಿಡಿದು ಕಂಕುಳ ಕೂಸಿನವರೆಗೆ ಎಲ್ಲರೂ ಚಾಪೆಯ ಮೇಲೆ. ಹಿಂದಿ ಒಬ್ಬರಿಗೂ ಬಾರದು. ಅಳುವುದರಲ್ಲಿ ಮಾತ್ರ ಯಾರೂ ಹಿಂದೆ ಬೀಳುತ್ತಿರಲಿಲ್ಲ. ಈಗ ಮನೆಗೆರಡು ಟೀವಿ ಇವೆ, ಪಕ್ಕದಲ್ಲಿ ಕೂತು ಜೊತೆಗೆ ಅಳುವವರಿಲ್ಲ. ಆ ಸುಖವೇ ಬೇರೆ ಬಿಡಿ.

ಮೇಷ್ಟ್ರಿಗೆ ಮಾತ್ರ ಆ ಸುಖವಿರಲಿಲ್ಲ. ನಾಯಕ ನಾಯಕಿಯ ಕೈ ಹಿಡಿದರೆ ಸಾಕು, ದಡಬಡ ಎದ್ದು ಟೀವಿಯ ಪಕ್ಕಕ್ಕೆ ಹೋಗಿ, ಹೆಗಲ ಮೇಲಿನ ಟವೆಲ್ಲನ್ನು ಅದರ ಮುಂದೆ ಅಡ್ಡ ಹಿಡಿದು ನಿಲ್ಲುತ್ತಿದ್ದರು. (ಭಾರತೀಯ ಸಂಸ್ಕೃತಿಯ ಭಾರವೆಲ್ಲ ಆ ಎರಡೂವರೆ ಮೊಳದ ಬಟ್ಟೆಯ ಮೇಲೆ!) ಹಾಡು ಮುಗಿದ ಮೇಲೇ ಪರದೆ ಇಳಿಯುತ್ತಿದ್ದುದು.

ಕೊನೆಗೆ ಕೈ ಸೋತು ಟೀವಿ ಕಚೇರಿಗೆ ದೂರು ಬರೆದರು. ಉತ್ತರ ಬಂತು: ‘ಆಕ್ಷೇಪಾರ್ಹ ದೃಶ್ಯದ ವಿವರವನ್ನೂ ಅದನ್ನು ಕಣ್ಣಾರೆ ಕಂಡ ಇನ್ನಿಬ್ಬರ ಸಹಿಯನ್ನೂ ಕಳಿಸಿದರೆ ದೂರನ್ನು ಪರಿಶೀಲಿಸಲಾಗುವುದು.’

ಮೇಷ್ಟ್ರು ಹಿಗ್ಗಿ ಹೀರೇಕಾಯಿಯಾದರು. ನಿವೃತ್ತಿಯಾದ ಮೇಲೆ ಊರಲ್ಲಿ ಅವರ ಮಾತು ಕೇಳುವವರೇ ಇರಲಿಲ್ಲ. ಈ ದೂರೊಂದು ಗೆದ್ದರೆ ಹೋದ ಮರ್ಯಾದೆ ಬಡ್ಡಿಸಮೇತ ಬಂದಂತೆ. ಮೂವತ್ತು ವರ್ಷ ಮಕ್ಕಳಿಂದ ಪ್ರಬಂಧ ಬರೆಸಿದ ಕೈ, ನಾಲ್ಕು ಹಾಳೆ ತುಂಬಿಸಿತು.

ಮುಂದಿನ ಭಾನುವಾರ ಸಿನಿಮಾಕ್ಕೆ ಮುಂಚೆ ಎಲ್ಲರೆದುರು ಗಟ್ಟಿಯಾಗಿ ಓದಿದರು. “ಒದ್ದೆ ಸೀರೆಯನ್ನುಟ್ಟ ನಾಯಕಿಯು ಮರವನ್ನು ಮೂರು ಸಲ ಸುತ್ತಿದಳು. ನಾಯಕನು ಎಡಗೈಯಿಂದ ಆಕೆಯ ಸೊಂಟವನ್ನು ಬಳಸಿ ಒಟ್ಟು ಹನ್ನೊಂದು ಸಲ ಕಣ್ಣು ಹೊಡೆದನು...”

ನಡುಮನೆ ಉಸಿರು ಬಿಗಿಹಿಡಿದು ಕೇಳಿತು. ಮೇಷ್ಟ್ರು ಹಾಳೆ ಚಾಚಿದರು. “ಭೀಮಕ್ಕ, ಇಲ್ಲಿ ಹೆಬ್ಬೆಟ್ಟು ಒತ್ತು.”

“ಯಾಕೊತ್ಲಿ ಮೇಷ್ಟ್ರೇ? ನಾ ನೋಡಿದ್ದು ನಿಮ್ ಟವಲ್ಲು. ಸುಳ್ ಸಾಕ್ಷಿ ಯೇಳಾಕಿಲ್ಲ ಕಣಪ್ಪ. ಅಲ್ಲಾ, ನಮ್ಗೆಲ್ಲ ಮುಚ್ಬುಟ್ಟು ನೀವೊಬ್ರೇ ಇಷ್ಟೆಲ್ಲ ನೋಡ್ಕಂಡ್ರಾ?”

“ಹಾಡು ಮುಗೀತೋ ಇಲ್ವೋ ಅಂತ ನೋಡ್ಬೇಕಲ್ಲ!”

“ಅದಕ್ಕೆ ಕಣ್ಣು ಹೊಡೆದಿದ್ದು ಎಣಿಸ್ಬೇಕಿತ್ತೇನ್ರೀ?” ಹೆಂಡತಿ ಸರೋಜಮ್ಮ ಅಡುಗೆಮನೆಯಿಂದ ಸೌಟಿನ ಸಮೇತ ಹೊರಬಂದರು. “ನಮ್ಮ ಮದುವೆ ಯಾವ ತಿಂಗಳಲ್ಲಾಯ್ತು ಹೇಳಿ ನೋಡೋಣ!”

ಮೇಷ್ಟ್ರು ಗೋಡೆಯ ಕ್ಯಾಲೆಂಡರಿನತ್ತ ಕಣ್ಣು ಹಾಯಿಸಿದರು. ಆ ನಾಲ್ಕು ಹಾಳೆ ಕಚೇರಿಯವರೆಗೆ ಹೋಗಲೇ ಇಲ್ಲ. ಚಾಪೆಯ ಮೇಲೇ ವಿಚಾರಣೆ ಮುಗಿದು ಸರೋಜಮ್ಮನವರು ತೀರ್ಪು ಕೊಟ್ಟರು. “ಇನ್ಮೇಲೆ ಹಾಡು ಬಂದಾಗ ನೀವು ಮಾಳಿಗೆ ಹತ್ತಿ ಆಂಟೆನಾ ಹಿಡ್ಕೊಳ್ಳಿ. ಕೆಟ್ಟದ್ದು ನಿಮ್ಮ ಕಣ್ಣಿಗೆ ಬೀಳಲ್ಲ, ನಮಗೆ ಚಿತ್ರ ಅಲ್ಲಾಡಲ್ಲ.”

ಅಂದೇ ಜಾರಿಯಾಯಿತು. ಮೇಷ್ಟ್ರು ಮಾಳಿಗೆಯ ಮೇಲೆ ಕಂಬ ಹಿಡಿದು ನಿಂತಿದ್ದಾರೆ, ಕೆಳಗೆ ಹಾಡು ಶುರುವಾಗಿದೆ. ನಗು, ಕೇಕೆ, ಒಂದು ಶಿಳ್ಳೆ.

“ಏನೇ, ಏನು ತೋರಿಸ್ತಿದಾರೆ?”

“ದೇವರ ಹಾಡು ಕಣ್ರೀ!”

ಮೇಷ್ಟ್ರು ಕಂಬ ಬಿಟ್ಟು ಮೆಲ್ಲನೆ ಏಣಿಯತ್ತ ಒಂದು ಹೆಜ್ಜೆ ಇಟ್ಟರು. ಕೆಳಗೆ ಇಡೀ ಬೀದಿಯೇ ಬೊಬ್ಬೆ ಹಾಕಿತು: “ಓಯ್ತು, ಓಯ್ತು! ಮೇಷ್ಟ್ರೇ, ಕೈ ಬುಡಬ್ಯಾಡಿ, ನೀವಿಲ್ದಿದ್ರೆ ಏನೂ ಬರಾಕಿಲ್ಲ!”

ಎಷ್ಟು ವರ್ಷವಾಗಿತ್ತು ಹಾಗೆ ಯಾರಾದರೂ ಹೇಳಿ! ಮೇಷ್ಟ್ರು ಎದೆಯುಬ್ಬಿಸಿಕೊಂಡು ಹಿಂದಿರುಗಿ, ಎರಡೂ ಕೈಯಿಂದ ಕಂಬವನ್ನು ಭದ್ರವಾಗಿ ಹಿಡಿದುಕೊಂಡರು.