ಎಡಕ್ಕೆ ತಿರುಗಿಸಿದರೆ ಬಲಕ್ಕೆ

ಪಾತ್ರೆ ತೊಳೆಯುವುದು ಅರ್ಧಕ್ಕೆ ಬಂದಿತ್ತು. ತಟ್ಟೆಗಳು ಮುಗಿದು ಲೋಟಗಳ ಸರದಿ. ಪೈಪಣ್ಣ ಸಿಂಕಿನ ಅಂಚಿನಲ್ಲಿದ್ದ ಸಣ್ಣ ಸ್ಟೀಲು ಬಟ್ಟಲನ್ನು ಎತ್ತಿ, ಅದರಲ್ಲಿದ್ದ ನೀರು ಚೆಲ್ಲಿ, ಸೋಪು ಹಚ್ಚಿ ಉಜ್ಜತೊಡಗಿದ. ನೀರಿನ ಜೊತೆ ಏನೋ ಟಿಣ್ಣೆಂದು ಸದ್ದು ಮಾಡಿ ತೂತಿನೊಳಗೆ ಇಳಿದದ್ದು ಕಿವಿಗೆ ಬಿತ್ತು. ತೂತಿನ ಮೇಲಿನ ಜಾಲರಿ ಕಿತ್ತುಹೋಗಿ ಆರು ತಿಂಗಳಾಗಿತ್ತು. "ನಾಳೆ ತರ್ತೀನಿ" ಎಂದು ಅವನು ಹೆಂಡತಿಗೆ ಹೇಳಿಯೂ ಆರು ತಿಂಗಳಾಗಿತ್ತು.

ಅತ್ತೆ ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಅಡಿಗೆಮನೆಗೆ ಬಂದರು.

"ಅಳಿಯಂದ್ರೇ, ಇಲ್ಲೊಂದು ಬಟ್ಲಲ್ಲಿ ನನ್ನ ಹಲ್ಲಿತ್ತಲ್ಲ?"

ಪೈಪಣ್ಣ ಕೈಯಲ್ಲಿದ್ದ ಬಟ್ಟಲನ್ನು ನೋಡಿದ. ಬಟ್ಟಲು ಫಳಫಳ ಹೊಳೆಯುತ್ತಿತ್ತು. ಅಷ್ಟು ಚೆನ್ನಾಗಿ ಅವನು ಯಾವ ಪಾತ್ರೆಯನ್ನೂ ತೊಳೆದಿರಲಿಲ್ಲ.

ಅತ್ತೆಗೆ ಮುಂದಿನ ಎರಡು ಹಲ್ಲು ಮಾತ್ರ ಕಟ್ಟಿಸಿದ್ದು. ಅದು ಮಗಳು ಅಳಿಯನನ್ನು ಬಿಟ್ಟರೆ ಮೂರನೆಯವರಿಗೆ ತಿಳಿಯದು. ಹನ್ನೊಂದು ಗಂಟೆಗೆ ಅವರ ಹಳೆಯ ಗೆಳತಿ ಬರುವವಳಿದ್ದಳು. ಆ ಗೆಳತಿಯ ಮುಂದೆ "ನಂದು ಮೂವತ್ತೆರಡೂ ಸ್ವಂತದ್ದು" ಎಂದು ಅವರು ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದರು.

"ಒಳಗೆ ಹೋಯ್ತಾ?" ಎಂದರು ಅತ್ತೆ. "ಹೋದ್ರೆ ಹೋಯ್ತು ಬಿಡಿ. ನನ್ನ ಮಗಳಿಗೆ ಪೈಪಿನವನನ್ನೇ ಕಟ್ಟಿದ್ದೀನಲ್ಲ."

ಪೈಪಣ್ಣ ಎಂಬುದು ಆ ಕಟ್ಟಡದವರು ಅವನಿಗೆ ಇಟ್ಟ ಹೆಸರು. ಅವನು ನಲ್ಲಿ ರಿಪೇರಿಯವನಲ್ಲ. ರೋಗಿಯ ಎದೆ ಸೀಳದೆ, ತೊಡೆಯ ರಕ್ತನಾಳದಲ್ಲಿ ಒಂದು ಸಣ್ಣ ತೂತು ಮಾಡಿ ಅಲ್ಲಿಂದ ಹೃದಯದವರೆಗೆ ತೂರಿಸುವ ಕ್ಯಾಥೆಟರ್ ಎಂಬ ಎಳೆಯಂಥ ಕೊಳವೆಗಳನ್ನು ವಿನ್ಯಾಸ ಮಾಡುವುದು ಅವನ ಕೆಲಸ. ಈ ಮನೆಗೆ ಬಂದ ಹೊಸತರಲ್ಲಿ ಯಾರೋ "ಏನ್ ಕೆಲ್ಸ?" ಎಂದು ಕೇಳಿದಾಗ, ಇಷ್ಟೆಲ್ಲ ಯಾರು ವಿವರಿಸಬೇಕೆಂದು "ಪೈಪು ಮಾಡ್ತೀನಿ" ಎಂದುಬಿಟ್ಟಿದ್ದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂದಿನಿಂದ ಯಾರ ಮನೆಯ ನಲ್ಲಿ ಸೋರಿದರೂ ಇವನ ಬಾಗಿಲು ಬಡಿಯುತ್ತಿದ್ದರು.

ಅಡಿಗೆಮನೆಯ ಗಲಾಟೆ ಕೇಳಿ ಮೇಲಿನ ಮನೆಯ ಡ್ರೈವರ್ ಸಾಹೇಬರು ಇಳಿದು ಬಂದರು. ಮೂವತ್ತೈದು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಸ್ಟೀರಿಂಗು ಕೈಬಿಟ್ಟ ಮೇಲೆ ಕಟ್ಟಡದವರ ಸಂಸಾರಗಳನ್ನೆಲ್ಲ ಅವರೇ ಓಡಿಸುತ್ತಿದ್ದರು. ಅವರು ಬಗ್ಗಿ ಸಿಂಕಿನ ಕೆಳಗೆ ಇಣುಕಿ, "ಇಲ್ಲೊಂದು ಬಾಗು ಇದೆ ನೋಡಿ. ಸ್ಪ್ಯಾನರ್ ತರ್ತೀನಿ, ಬಿಚ್ಚೋಣ. ಐದು ನಿಮಿಷದ ಕೆಲ್ಸ," ಎಂದರು.

ಮಾತು ಸರಿಯಾಗಿಯೇ ಇತ್ತು. ಆದರೆ ಅತ್ತೆ ನೋಡುತ್ತಿದ್ದರು, ಹೆಂಡತಿಯೂ ಬಂದು ನಿಂತಿದ್ದಳು. ಪೈಪಣ್ಣನಿಗೆ ಒಳಗಿನಿಂದ ಒಂದು ಅಭಿಮಾನ ಎದ್ದುಬಿಟ್ಟಿತು.

"ಬಿಚ್ಚೋದು ಹಳೇ ಕಾಲದ ಪದ್ಧತಿ ಸಾರ್," ಎಂದ. "ಕೊಯ್ಯದೆ, ಬಿಚ್ಚದೆ, ಒಳಗೆ ಹೋಗಿ ಬರೋದೇ ಇವತ್ತಿನ ವಿದ್ಯೆ."

ಹಾಗೆಂದವನೇ ಕೋಣೆಗೆ ಹೋಗಿ ಬೀರುವಿನ ಮೇಲಿದ್ದ ಪೆಟ್ಟಿಗೆ ಇಳಿಸಿದ. ಹೆಂಡತಿಯ ಮುಖ ಬಿಳಿಚಿತು.

"ರೀ, ಅದು ಆಫೀಸಿನದು. ಇವತ್ತು ಮಧ್ಯಾಹ್ನ ತೋರಿಸ್ಬೇಕಾದ್ದು."

"ತೋರಿಸೋಕೆ ಮುಂಚೆ ಒಂದ್ಸಲ ಪರೀಕ್ಷೆ ಆಗ್ಲಿ ಬಿಡೇ."

ಪೆಟ್ಟಿಗೆಯಲ್ಲಿದ್ದದ್ದು ಹೊಸ ಕ್ಯಾಥೆಟರಿನ ಮಾದರಿ, ಇದ್ದದ್ದೇ ಒಂದು. ಬಳಸುವ ವಿಧಾನದ ಪುಸ್ತಿಕೆ ಬರೆಯಲೆಂದು ಮನೆಗೆ ತಂದಿದ್ದ. ಮೂರು ಗಂಟೆಗೆ ಆಸ್ಪತ್ರೆಯ ದೊಡ್ಡ ಡಾಕ್ಟರಮ್ಮ ಕಂಪನಿಗೆ ಬಂದು ಇದನ್ನು ರಬ್ಬರ್ ಹೃದಯವೊಂದರೊಳಗೆ ತೂರಿಸಿ ನೋಡುವವರಿದ್ದರು. ಅವರು ಹೂಂ ಅಂದರೆ ಪೈಪಣ್ಣ ವಿನ್ಯಾಸ ವಿಭಾಗಕ್ಕೆ ಮುಖ್ಯಸ್ಥ. ಊಹೂಂ ಅಂದರೆ ಲೇಬಲ್ ವಿಭಾಗಕ್ಕೆ ಹೋಗಿ ಪೊಟ್ಟಣಗಳಿಗೆ ಚೀಟಿ ಅಂಟಿಸಬೇಕು ಎಂದು ಮ್ಯಾನೇಜರು ನಗುನಗುತ್ತಲೇ ಹೇಳಿದ್ದರು. ಲೇಬಲ್ ವಿಭಾಗಕ್ಕೆ ಇದ್ದದ್ದು ಒಂದೇ ಕಿಟಕಿ, ಅದು ಜನರೇಟರಿನ ಕಡೆಗೆ ತೆರೆಯುತ್ತಿತ್ತು.

ಕೊಳವೆ ತೂತಿನೊಳಗೆ ಸರಾಗವಾಗಿ ಇಳಿಯಿತು. ತುದಿಯಲ್ಲಿ ಸಾಸಿವೆ ಕಾಳಿನಷ್ಟು ಕ್ಯಾಮೆರಾ, ಪಕ್ಕದಲ್ಲೊಂದು ಪುಟ್ಟ ಚಿಮಟ. ಚಿತ್ರ ಬೀಳುವ ಪರದೆಯನ್ನು ಹಾಲಿನ ಪಾತ್ರೆಗೆ ಒರಗಿಸಿದ್ದಾಯಿತು. ಎಲ್ಲರೂ ಅದರ ಮುಂದೆ ತಲೆ ತೂರಿಸಿದರು. ಸೋಪಿನ ನೊರೆ ಮೋಡದಂತೆ ತೇಲಿತು. ಒಂದು ಚಹಾ ಎಲೆ ದೋಣಿಯಷ್ಟು ದೊಡ್ಡದಾಗಿ ಅಡ್ಡ ಬಂತು. ಅದನ್ನು ದಾಟಿದರೆ ಬಾಗಿನ ಎಡಗಡೆ, ಗೋಡೆಗೆ ಒರಗಿ, ಎರಡು ಹಲ್ಲು ಆರಾಮಾಗಿ ನಗುತ್ತ ಕುಳಿತಿದ್ದವು.

"ಸಿಕ್ತು," ಎಂದರು ಡ್ರೈವರ್ ಸಾಹೇಬರು. "ಸ್ವಲ್ಪ ಎಡಕ್ಕೆ ತಗೊಳ್ಳಿ ಪೈಪಣ್ಣ."

ಪೈಪಣ್ಣ ಹಿಡಿಯ ಗುಂಡಿಯನ್ನು ಎಡಕ್ಕೆ ತಿರುಗಿಸಿದ. ತುದಿ ಬಲಕ್ಕೆ ಹೋಗಿ ಗೋಡೆಗೆ ಮುಖ ಕೊಟ್ಟಿತು.

"ಎಡಕ್ಕೆ ಅಂದೆ."

"ಎಡಕ್ಕೇ ತಿರುಗಿಸ್ದೆ ಸಾರ್."

"ಹಾಗಾದ್ರೆ ಬಲಕ್ಕೆ ತಿರುಗಿಸಿ ಎಡಕ್ಕೆ ಬನ್ನಿ. ಹಿಂದೆ ತಗೊಳ್ಳಿ, ಹಿಂದೆ, ಇನ್ನೂ ಬರ್ಲಿ ಬರ್ಲಿ, ಸಾಕು. ಅಯ್ಯೋ, ಗುದ್ದಿದ್ರಿ."

ಚಿಮಟ ತಗುಲಿ ಹಲ್ಲು ಒಂದು ಗೇಣು ಮುಂದೆ ಜಾರಿತು. ಇನ್ನೊಂದು ಗೇಣು ಹೋದರೆ ದೊಡ್ಡ ಮೋರಿ. ಪೈಪಣ್ಣನ ಹಣೆಯಿಂದ ಬೆವರಿಳಿಯಿತು. ಎಡ ಅಂದುಕೊಂಡು ಬಲಕ್ಕೆ ತಿರುಗಿಸಬೇಕು ಎಂದು ಬುದ್ಧಿಗೆ ಗೊತ್ತು. ಕೈಗೆ ಗೊತ್ತಿಲ್ಲ. ಗಾಬರಿಯಾದಷ್ಟೂ ಕೈ ತನ್ನ ಹುಟ್ಟುಗುಣವನ್ನೇ ತೋರಿಸುತ್ತಿತ್ತು.

"ರೀ, ನೀವು ಮಾಡಿದ ಸಾಮಾನು ನಿಮ್ಮ ಮಾತೇ ಕೇಳಲ್ವಲ್ಲ," ಎಂದಳು ಹೆಂಡತಿ.

ಆ ಕ್ಷಣದಲ್ಲಿ ಪೈಪಣ್ಣನ ಎದೆಗೆ ಒಂದು ಹಳೆಯ ಪತ್ರದ ನೆನಪು ಬಂದು ಕುಟುಕಿತು. ಹದಿನಾಲ್ಕು ತಿಂಗಳ ಹಿಂದೆ, ಇದೇ ಹಿಡಿಯ ಹತ್ತು ಹಳೆಯ ಕ್ಯಾಥೆಟರುಗಳನ್ನು ಕಂಪನಿ ಆಸ್ಪತ್ರೆಗೆ ಅಭ್ಯಾಸಕ್ಕೆಂದು ಕೊಟ್ಟಿತ್ತು. ಅಲ್ಲಿ ಎಲ್ಲರಿಗೂ ತರಬೇತಿ ಕೊಡುವ ಹಿರಿಯ ಸಿಸ್ಟರ್ ಒಬ್ಬರು ಚಂದದ ಅಕ್ಷರದಲ್ಲಿ ಬರೆದಿದ್ದರು: 'ಗುಂಡಿಯನ್ನು ಎಡಕ್ಕೆ ತಿರುಗಿಸಿದರೆ ತುದಿ ಬಲಕ್ಕೆ ಹೋಗುತ್ತದೆ. ದಯವಿಟ್ಟು ಸರಿಪಡಿಸಿ, ಇಲ್ಲವೇ ಕಾರಣ ತಿಳಿಸಿ.'

ಕಾರಣ ಪೈಪಣ್ಣನಿಗೆ ಅಂದೇ ತಿಳಿದಿತ್ತು. ನಕ್ಷೆ ಬರೆಯುವಾಗ ಅವನು ಕೊಳವೆಯ ತುದಿಯನ್ನು ತನ್ನ ಮುಖದ ಕಡೆಗೆ ಇಟ್ಟುಕೊಂಡು ಬರೆದಿದ್ದ. ಎದುರಿಗೆ ನಿಂತವನ ಎಡಗೈ ನಮ್ಮ ಬಲಕ್ಕೆ ಬರುವುದಿಲ್ಲವೇ, ಹಾಗೆ. ಆದರೆ ಅದನ್ನು ಬರೆದು ಕೊಟ್ಟರೆ ತಪ್ಪೊಪ್ಪಿಕೊಂಡ ಹಾಗೆ. 'ಕೈ ಪಳಗಿದರೆ ಸರಿಹೋಗುತ್ತದೆ' ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಪತ್ರವನ್ನು ಮೇಜಿನ ಖಾನೆಗೆ ತಳ್ಳಿದ್ದ. ಆಮೇಲೆ ಉತ್ತರ ಬರೆಯಲು ನಾಚಿಕೆ, ತಡವಾದಷ್ಟೂ ಇನ್ನಷ್ಟು ನಾಚಿಕೆ.

"ಆಚೆ ಸರೀರಿ, ನಾನ್ ನೋಡ್ತೀನಿ," ಎಂದರು ಅತ್ತೆ.

ಅವರು ಹಿಡಿಯನ್ನು ತೆಗೆದುಕೊಂಡರು. ಪರದೆ ನೋಡುತ್ತ ಗುಂಡಿಯನ್ನು ಬಲಕ್ಕೊಂದು ಚೂರು, ಕೊಳವೆಯನ್ನು ಮುಂದಕ್ಕೊಂದು ಚೂರು ಸರಿಸಿದರು. ಚಿಮಟ ಬಾಯಿ ತೆರೆಯಿತು, ಮುಚ್ಚಿತು. ಒಂದು ನಿಮಿಷಕ್ಕೆ ಹಲ್ಲು ಹೊರಗೆ ಬಂತು.

ಡ್ರೈವರ್ ಸಾಹೇಬರು ಬಗ್ಗಿ ಹಲ್ಲನ್ನು ಹತ್ತಿರದಿಂದ ನೋಡಿದರು. ಗುಟ್ಟು ರಟ್ಟಾದದ್ದು ಅತ್ತೆಗೆ ಆಗ ಹೊಳೆಯಿತು.

"ಹಲ್ಲಿನ ವಿಷ್ಯ ಮೆಟ್ಟಿಲು ಹತ್ತಬಾರ್ದು," ಎಂದು ಅವರಿಗೆ ಬೆರಳು ತೋರಿಸಿದರು.

"ನಾನ್ಯಾಕೆ ಹೇಳ್ಲಿ ಅಮ್ಮಾ. ಆದ್ರೆ ಇದು ಹೇಗೆ ಮಾಡಿದ್ರಿ?"

"ಮಹಾ ಏನು ಇದು. ಮೂವತ್ತು ವರ್ಷ ಅಂಗಡೀಲಿ ಹೆಂಗಸರಿಗೆ ಕೂದಲು ಕತ್ತರಿಸಿದ್ದೀನಿ, ಕನ್ನಡಿ ನೋಡ್ಕೊಂಡು. ಕನ್ನಡೀಲಿ ಎಡ ಅಂದ್ರೆ ಬಲ ತಾನೇ?" ಎಂದು ಹಲ್ಲನ್ನು ಮೂರು ಸಲ ಬಿಸಿನೀರಿನಲ್ಲಿ ತೊಳೆದು ಹಾಕಿಕೊಂಡರು. ಬಾಯಿ ನೆಟ್ಟಗಾದ ಮೇಲೆ ಸ್ಪಷ್ಟವಾಗಿ ಹೇಳಿದರು: "ಇನ್ಮೇಲೆ ನೀವು ನನ್ನ ಬಟ್ಲು ಮುಟ್ಬೇಡಿ ಅಳಿಯಂದ್ರೇ."

ಕಂಪನಿಗೆ ಹೋಗುವ ಬಸ್ಸಿನಲ್ಲಿ ಕುಳಿತಾಗ ಪೈಪಣ್ಣನ ಮನಸ್ಸು ಒಂದು ನಿರ್ಧಾರಕ್ಕೆ ಬಂದಿತ್ತು. ಸಿಂಕಿನಲ್ಲಿ ಹಲ್ಲು ಜಾರಿದರೆ ಅತ್ತೆ ಬೈದಾರು. ಹೃದಯದಲ್ಲಿ ತುದಿ ಜಾರಿದರೆ? ಸಿಸ್ಟರ್ ಬರೆದದ್ದು ಸರಿ. ಇವತ್ತೇ ತಿದ್ದಬೇಕು. ಡಾಕ್ಟರಮ್ಮ ಗುಂಡಿ ತಿರುಗಿಸಿದ ಕೂಡಲೇ "ಭೇಷ್" ಅನ್ನಬೇಕು.

ಕಂಪನಿಯಲ್ಲಿ ಮೊದಲು ಎದುರಾದದ್ದು ಮ್ಯಾನೇಜರು. ಅವರು ಪೆಟ್ಟಿಗೆ ತೆರೆದು ಮೂಸಿದರು.

"ಏನ್ರೀ ಇದು, ಪಾತ್ರೆ ಸೋಪಿನ ವಾಸನೆ?"

"ಚೆನ್ನಾಗಿ ಶುದ್ಧ ಮಾಡ್ದೆ ಸಾರ್."

"ಅತಿ ಶುದ್ಧ ಆಯ್ತು. ಏನೂ ಹೊಸದು ಮಾಡೋಕೆ ಹೋಗ್ಬೇಡಿ. ಇದ್ದದ್ದನ್ನ ಇದ್ದ ಹಾಗೆ ತೋರ್ಸಿ."

"ಇಲ್ಲ ಸಾರ್," ಎಂದ ಪೈಪಣ್ಣ. ಮ್ಯಾನೇಜರು ಅತ್ತ ಹೋದದ್ದೇ ತಡ, ಹಿಡಿ ಬಿಚ್ಚಿದ. ತುದಿಯನ್ನು ಬಗ್ಗಿಸುವುದು ಕೊಳವೆಯ ಉದ್ದಕ್ಕೂ ಹರಿದ ಎರಡು ತಂತಿಗಳು, ಕೂದಲಿಗಿಂತ ತುಸು ದಪ್ಪ. ಅವುಗಳನ್ನು ಗುಂಡಿಯಿಂದ ಕಳಚಿ ಒಂದರ ಜಾಗಕ್ಕೆ ಇನ್ನೊಂದನ್ನು ಸಿಕ್ಕಿಸಲು ಊಟದ ಹೊತ್ತಾಯಿತು, ಊಟವೂ ತಪ್ಪಿತು. ಹಿಡಿ ಮುಚ್ಚಿ ಗುಂಡಿಯನ್ನು ಎಡಕ್ಕೆ ತಿರುಗಿಸಿದ. ತುದಿ ಎಡಕ್ಕೇ ಬಾಗಿತು. ಕಣ್ಣು ಮುಚ್ಚಿಕೊಂಡು ತಿರುಗಿಸಿದ. ಆಗಲೂ ಎಡಕ್ಕೇ. ಅವನಿಗೆ ಹಸು ಕರು ಹಾಕಿದಷ್ಟು ಸಂತೋಷವಾಯಿತು.

ಆ ಹುರುಪಿನಲ್ಲೇ ಕಾಗದ ತೆಗೆದು 'ಮಾನ್ಯ ಸಿಸ್ಟರ್ ಅವರಿಗೆ, ತಮ್ಮ ಪತ್ರ ತಲುಪಿತು' ಎಂದು ಬರೆದ. ಅಷ್ಟರಲ್ಲಿ ಕರೆ ಬಂತು. ಕಾಗದವನ್ನು ಜೇಬಿಗೆ ಮಡಚಿಕೊಂಡು ಓಡಿದ.

ದೊಡ್ಡ ಡಾಕ್ಟರಮ್ಮ ಆಗಲೇ ಬಂದು ಕುಳಿತಿದ್ದರು. ಪಕ್ಕದಲ್ಲಿ ಕನ್ನಡಕ ಹಾಕಿದ, ಗಟ್ಟಿ ಮೈಕಟ್ಟಿನ ಸಿಸ್ಟರ್. ಮೇಜಿನ ಮೇಲೆ ಕೆಂಪು ನೀರು ತುಂಬಿದ ರಬ್ಬರ್ ಹೃದಯ. ಮ್ಯಾನೇಜರು ಅಂದು ಹೊಚ್ಚ ಹೊಸ ಬಿಳಿ ಅಂಗಿ ತೊಟ್ಟು ಅದರ ಪಕ್ಕದಲ್ಲೇ ನಿಂತಿದ್ದರು.

"ಮೊದ್ಲು ಸಿಸ್ಟರ್ ನೋಡ್ಲಿ," ಎಂದರು ಡಾಕ್ಟರಮ್ಮ. "ನಮಗೆಲ್ಲ ಕಲಿಸೋರು ಅವ್ರೇ."

ಪತ್ರ ಬರೆದವರು ಇವರೇ ಎಂದು ತಿಳಿದು ಪೈಪಣ್ಣನಿಗೆ ರೋಮಾಂಚನವಾಯಿತು.

ಸಿಸ್ಟರ್ ಹಿಡಿ ಹಿಡಿದದ್ದೇ ಒಂದು ಚಂದ. ಹಾಡುಗಾರರು ತಂಬೂರಿ ಮುಟ್ಟಿದ ಹಾಗೆ. ಕೊಳವೆ ಸರಸರ ಒಳಗೆ ಹೋಯಿತು. ಕವಲು ಬಂದಾಗ ಅವರು ಗುಂಡಿ ತಿರುಗಿಸಿದರು. ತುದಿ ಹೋಗಿ ಗೋಡೆಗೆ ಚುಚ್ಚಿತು. ಅವರು ಹುಬ್ಬು ಗಂಟಿಕ್ಕಿ ಹಿಂದೆ ತೆಗೆದು, ಮತ್ತೆ ಬಲವಾಗಿ ತಿರುಗಿಸಿದರು. ರಬ್ಬರ್ ಹೃದಯ ಕುಯ್ಯೆಂದು ನರಳಿ, ಒಂದು ಕಡೆ ಬಿರಿದು, ಕೆಂಪು ನೀರನ್ನೆಲ್ಲ ಮ್ಯಾನೇಜರ ಅಂಗಿಗೆ ಅರ್ಪಿಸಿತು.

ಮ್ಯಾನೇಜರು ಕೊಲೆಯಾದವರಂತೆ ನಿಂತಿದ್ದರು.

"ಏನೋ ಬದಲಾಗಿದೆ," ಎಂದರು ಸಿಸ್ಟರ್.

"ಹೌದು ಸಿಸ್ಟರ್," ಎಂದ ಪೈಪಣ್ಣ ಉತ್ಸಾಹದಿಂದ. "ಈಗ ಎಡಕ್ಕೆ ತಿರುಗಿಸಿದ್ರೆ ಎಡಕ್ಕೇ ಹೋಗುತ್ತೆ."

"ಯಾಕೆ?"

"ನೀವೇ ಪತ್ರ ಬರೆದಿದ್ರಲ್ಲ."

"ಬರೆದಿದ್ದೆ. ತಿಂಗಳು ಕಾದೆ, ಎರಡು ತಿಂಗಳು ಕಾದೆ. ಉತ್ತರ ಇಲ್ಲ. ಓದಿದೋರು ಮಾಡಿದ್ದು, ಏನೋ ಯೋಚ್ನೆ ಇಟ್ಕೊಂಡೇ ಹೀಗೆ ಮಾಡಿರ್ಬೇಕು ಅಂದ್ಕೊಂಡು ನಾನೇ ಕೈ ತಿರುಗಿಸ್ಕೊಂಡೆ. ಡಾಕ್ಟರಮ್ಮಂಗೆ ಕಲಿಸ್ದೆ. ನಲವತ್ತು ಜನಕ್ಕೆ ಕಲಿಸ್ದೆ. ಈಗ ನಾನು ಮನೇಲಿ ನಲ್ಲಿ ನಿಲ್ಸೋಕೆ ಹೋದ್ರೆ ನೀರು ಜಾಸ್ತಿ ಬರುತ್ತೆ. ಹದಿನಾಲ್ಕು ತಿಂಗಳಾದ ಮೇಲೆ ಎಡಕ್ಕೆ ಎಡ ಅಂತೀರಲ್ಲಪ್ಪ."

ಡಾಕ್ಟರಮ್ಮ ಎದ್ದು ನಿಂತರು. "ಎಂಬತ್ನಾಲ್ಕು ಕೈ ಒಂದು ಕಡೆ ಪಳಗಿವೆ. ಅವನ್ನ ಈಗ ಅಲುಗಾಡಿಸೋದು ಅಪಾಯ. ಮೊದಲು ಇದ್ದ ಹಾಗೆ ಮಾಡ್ಕೊಂಡು ಬನ್ನಿ, ಆಮೇಲೆ ಒಪ್ಪಿಗೆ ಮಾತು."

"ಇನ್ನೊಂದು," ಎಂದರು ಸಿಸ್ಟರ್. "ನನ್ನ ದೂರಿನ ಫೈಲು ಇನ್ನೂ ಮುಚ್ಚಿಲ್ಲ. ಅದು ಮುಚ್ಚದೆ ನಿಮ್ಮ ಹೊಸ ಸಾಮಾನು ಆಸ್ಪತ್ರೆ ಒಳಗೆ ಬರೋ ಹಾಗಿಲ್ಲ. ಉತ್ತರ ಬರವಣಿಗೇಲಿ ಬೇಕು."

ಪೈಪಣ್ಣ ಆಸೆಯಿಂದ ಜೇಬಿಗೆ ಕೈ ಹಾಕಿದ. "ಈಗ್ಲೇ ಬರ್ದು ಕೈಲೇ ಕೊಟ್ಬಿಡ್ತೀನಿ."

"ಕೈಲಿ ಕೊಟ್ರೆ ಲೆಕ್ಕಕ್ಕಿಲ್ಲ. ಟಪಾಲಲ್ಲಿ ಬರ್ಬೇಕು, ನಂಬರು ಹಾಕಿ."

ಮ್ಯಾನೇಜರು ಅಂಗಿ ಹಿಂಡುತ್ತ ಅವನ ಕಿವಿಯ ಬಳಿ ಬಂದರು. "ಪತ್ರ ಬರ್ದು ಹಾಕಿ. ನಾಳೆಯಿಂದ ಲೇಬಲ್ ವಿಭಾಗ. ಚೀಟಿ ಎಡಕ್ಕಾದ್ರೂ ಅಂಟಿಸಿ, ಬಲಕ್ಕಾದ್ರೂ ಅಂಟಿಸಿ, ನಾನು ಕೇಳಲ್ಲ."

ಪೈಪಣ್ಣ ಜೇಬಿನ ಕಾಗದ ಬಿಡಿಸಿ, ಬರೆದಲ್ಲಿಂದ ಮುಂದುವರಿಸಿದ. ನಡೆದದ್ದನ್ನೇ ಬರೆದ:

'ತಮ್ಮ ಪತ್ರ ತಲುಪಿತು. ತಾವು ತೋರಿಸಿಕೊಟ್ಟ ದೋಷ ನಿಜ. ಅದನ್ನು ಇಂದು ಮಧ್ಯಾಹ್ನ ಸರಿಪಡಿಸಲಾಗಿತ್ತು. ತಮ್ಮ ಕೋರಿಕೆಯ ಮೇರೆಗೆ ದೋಷವನ್ನು ಮೊದಲಿನಂತೆಯೇ ಮಾಡಿಕೊಡಲಾಗುವುದು. ತಡವಾದದ್ದಕ್ಕೆ ಕ್ಷಮೆ ಇರಲಿ.'

ಟಪಾಲು ಗುಮಾಸ್ತರು ಲಕೋಟೆಗೆ ನಂಬರು ಹಾಕಿ, ಮೊಹರು ಒತ್ತಿ, ಚೀಲಕ್ಕೆ ಹಾಕಿ ಬಾಯಿ ಕಟ್ಟಿದರು. ಆಸ್ಪತ್ರೆಯ ಟಪಾಲು ಆಸ್ಪತ್ರೆಯ ವ್ಯಾನಿನಲ್ಲೇ ಹೋಗುವ ಪದ್ಧತಿ. ವ್ಯಾನಿನ ಹಿಂದಿನ ಸೀಟಿನಲ್ಲಿ ಸಿಸ್ಟರ್ ಆಗಲೇ ಕುಳಿತಿದ್ದರು. ಗುಮಾಸ್ತರು ಚೀಲವನ್ನು ಅವರ ಕಾಲ ಬುಡದಲ್ಲೇ ಇಟ್ಟು ಬಾಗಿಲು ಎಳೆದರು.

"ಯಾವಾಗ ಸಿಗುತ್ತೆ ಅವ್ರಿಗೆ?" ಎಂದು ಕೇಳಿದ ಪೈಪಣ್ಣ.

"ಆಸ್ಪತ್ರೇಲಿ ಎಲ್ಲ ವಿಭಾಗ ಸುತ್ತಿ ಬರ್ಬೇಕಲ್ಲ," ಎಂದರು ಗುಮಾಸ್ತರು. "ಎಂಟು ದಿನ ಆದ್ರೂ ಆಗುತ್ತೆ."

ವ್ಯಾನು ಹೊರಟಿತು.